ಡ್ಯಾಶ್‌ಹೌಂಡ್‌ಗೆ ಬೆನ್ನಿನ ಡಿಸ್ಕ್ ತೊಂದರೆ: ಒಂದು ತಿಂಗಳು ಕೇಜ್‌ನಲ್ಲಿ ಇಡೋದು ಹೇಗೆ? ಆಪರೇಷನ್ ಯಾವಾಗ ಬೇಕಾಗುತ್ತೆ?

ಸಾಗರದ ಬೆಲ್ಲ ಬರೆದಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಆರು ವರ್ಷದ ಹೆಣ್ಣು ಡ್ಯಾಶ್‌ಹೌಂಡ್ ನಾಯಿ ಇದೆ. ಥೇಟ್ ಜೋನಿಬೆಲ್ಲದ ಬಣ್ಣ, ಅದಕ್ಕೇ ಹೆಸರು ಬೆಲ್ಲ. ತೂಕ ಹನ್ನೊಂದು ಕೆಜಿ. ಅದು ಜಾಸ್ತಿ ಅಂತ ಡಾಕ್ಟರ್ ಈಗಾಗಲೇ ಬೈದಿದ್ದಾರೆ, ನೀವು ಮತ್ತೆ ಬೈಯಬೇಡಿ.

ಹೋದ ವಾರ ಜಗಲಿಯ ಮೆಟ್ಟಿಲು ಹತ್ತದೆ ಕೆಳಗೇ ನಿಂತುಬಿಟ್ಟಳು. ಊಟದ ತಟ್ಟೆ ಸದ್ದು ಮಾಡಿದರೂ ಬರಲಿಲ್ಲ. ಎತ್ತಿಕೊಳ್ಳಲು ಹೋದರೆ ಕುಂಯ್ ಅಂದಳು. ಬೆನ್ನು ಗೂನು ಮಾಡಿ, ಹೊಟ್ಟೆ ಬಿಗಿಹಿಡಿದು ಸಣ್ಣಗೆ ನಡುಗುತ್ತಿದ್ದಳು. ಹೊಟ್ಟೆನೋವಿರಬೇಕು ಅಂದರು ಅಮ್ಮ. ಮರುದಿನ ನೋಡಿದರೆ ಹಿಂಗಾಲು ಒಂದಕ್ಕೊಂದು ಅಡ್ಡ ಬೀಳುತ್ತಿವೆ. ಬಲಗಾಲಿನ ಪಾದ ಮಡಚಿಕೊಂಡು ಮೇಲ್ಭಾಗ ನೆಲಕ್ಕೆ ಉಜ್ಜುತ್ತದೆ. ನಡೆಯುತ್ತಾಳೆ, ಆದರೆ ನಾಲ್ಕು ಹೆಜ್ಜೆಗೊಮ್ಮೆ ಸೊಂಟ ವಾಲುತ್ತದೆ.

ಇಲ್ಲಿನ ಡಾಕ್ಟರ್ ಎಕ್ಸ್‌ರೇ ತೆಗೆದರು. ಪಕ್ಕೆಲುಬು ಮುಗಿಯುವ ಜಾಗದಲ್ಲಿ ಎರಡು ಮೂಳೆಗಳ ನಡುವಿನ ಸಂದು ಕಿರಿದಾಗಿದೆ, ಡಿಸ್ಕ್ ತೊಂದರೆ ಇರಬೇಕು ಅಂದರು. ಮೆಲಾಕ್ಸಿಕ್ಯಾಮ್, ಗ್ಯಾಬಪೆಂಟಿನ್ ಬರೆದುಕೊಟ್ಟು, ಒಂದು ತಿಂಗಳು ಕೇಜ್‌ನಿಂದ ಹೊರಗೆ ಬಿಡಬೇಡಿ ಅಂದರು. ಹೆಚ್ಚಾದರೆ ಎಂಆರ್‌ಐ, ಆಪರೇಷನ್, ಅದಕ್ಕೆ ಬೆಂಗಳೂರು.

ಈಗ ನಮ್ಮ ಮನೆಯ ಕಥೆ ಕೇಳಿ. ಕೇಜ್ ತಂದಿದ್ದೇನೆ. ಅವಳು ಅಳುತ್ತಾಳೆ. ಅವಳು ಅತ್ತರೆ ಅಮ್ಮನೂ ಕಣ್ಣೊರೆಸಿಕೊಳ್ಳುತ್ತಾರೆ. "ಪಾಪದ ಪ್ರಾಣಿನ ಜೈಲಿಗೆ ಹಾಕಿದೆಯಲ್ಲೋ" ಅಂತ ದಿನಕ್ಕೆ ಹತ್ತು ಸಲ. ಪಕ್ಕದ ಮನೆಯವರು, ಹಳ್ಳಿಯಲ್ಲಿ ಉಳುಕು ತೆಗೆಯುವವರೊಬ್ಬರಿದ್ದಾರೆ, ದನಕ್ಕೂ ತೆಗೆಯುತ್ತಾರೆ, ಎಣ್ಣೆ ಹಾಕಿ ಒಂದು ಸಲ ಎಳೆದರೆ ಸರಿಹೋಗುತ್ತೆ ಅನ್ನುತ್ತಿದ್ದಾರೆ.

ನಿಜವಾಗಿ ಇದನ್ನೆಲ್ಲಾ ಅನುಭವಿಸಿದವರು ಹೇಳಿ. ಕೇಜ್‌ನಲ್ಲಿ ಒಂದು ತಿಂಗಳು ಇಡೋಕಾಗುತ್ತಾ? ಆಪರೇಷನ್‌ಗೆ ಓಡಬೇಕು ಅಂತ ಗೊತ್ತಾಗೋದು ಹೇಗೆ? ಉಳುಕು ತೆಗೆಸಿದರೆ ಏನಾದರೂ ಉಪಯೋಗ ಇದೆಯಾ?

---

ಗುಂಡನ ಟೈಲರಮ್ಮ, ಮೈಸೂರು:

ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಬೇಡ. ಆ ಮನುಷ್ಯರ ಕೈಗುಣ ಎಷ್ಟೇ ಒಳ್ಳೆಯದಿರಲಿ, ಬೆಲ್ಲಳ ಬೆನ್ನು ಮುಟ್ಟಲು ಬಿಡಬೇಡಿ. ಎಳೆಯೋದು, ತಿರುವೋದು, ತುಳಿಯೋದು ಯಾವುದೂ ಬೇಡ.

ಯಾಕೆ ಅಂತ ನನಗೆ ಡಾಕ್ಟರ್ ಹೇಳಿದ್ದನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ. ಬೆನ್ನಿನ ಎರಡು ಮೂಳೆಗಳ ನಡುವೆ ಇರುವ ಡಿಸ್ಕ್ ಅಂದರೆ ಹೋಳಿಗೆ. ಹೊರಗೆ ಕಣಕ, ಒಳಗೆ ಹೂರಣ. ಡ್ಯಾಶ್‌ಹೌಂಡ್ ಥರದ ಗಿಡ್ಡಕಾಲಿನ ನಾಯಿಗಳಲ್ಲಿ ಈ ಹೂರಣ ವರ್ಷ ತುಂಬುವಷ್ಟರಲ್ಲೇ ಒಣಗೋಕೆ ಶುರುವಾಗಿ, ಆಮೇಲೆ ಸುಣ್ಣದ ಹಾಗೆ ಗಟ್ಟಿಯಾಗುತ್ತದೆ. ಒಂದು ದಿನ ಕಣಕ ಹರಿದು ಹೂರಣ ಮೇಲಕ್ಕೆ ಚಿಮ್ಮುತ್ತದೆ. ಅಲ್ಲೇ ಮೇಲೆ ಬೆನ್ನುಹುರಿ ಇರೋದು. ಉಳುಕು ತೆಗೆಯುವವರು ಎಳೆದರೆ ಇನ್ನಷ್ಟು ಹೂರಣ ಹೊರಗೆ ಬರಬಹುದು. ಒಳಗಂತೂ ಹೋಗೋದಿಲ್ಲ.

ನಮ್ಮ ಗುಂಡ ಈಗ ಒಂಬತ್ತು ವರ್ಷದವನು. ಎರಡು ಸಲ ಬೆನ್ನು ಕೈಕೊಟ್ಟಿದೆ. ಮೊದಲನೆಯ ಸಲ ಕೇಜ್‌ನಲ್ಲೇ ವಾಸಿಯಾದ. ಎರಡನೆಯ ಸಲ ಆಪರೇಷನ್ ಆಯಿತು. ಈಗ ಅಂಗಡಿಗೆ ನನ್ನ ಜೊತೆ ಬಂದು, ಗಿರಾಕಿಗಳ ಚಪ್ಪಲಿಯ ಮೇಲೆ ತಲೆಯಿಟ್ಟು ಮಲಗುತ್ತಾನೆ. ಸೊಂಟ ಸ್ವಲ್ಪ ತೂಗುತ್ತದೆ, ಅಷ್ಟೇ.

ಕೇಜ್ ವಿಷಯ. ಮಾತ್ರೆ ಬರೀ ನೋವಿಗೆ, ಊತಕ್ಕೆ. ಹರಿದದ್ದು ಕೂಡೋದು ಅಲುಗಾಡದೆ ಬಿದ್ದಿದ್ದರೆ ಮಾತ್ರ. ಅದಕ್ಕೇ ನಾನು ಕೇಜೇ ಔಷಧಿ ಅನ್ನೋದು. ಅಮ್ಮನಿಗೂ ಹಾಗೇ ಹೇಳಿ. ಕಾಲು ಮುರಿದರೆ ಪ್ಲಾಸ್ಟರ್ ಹಾಕುತ್ತಾರೆ, ಯಾರೂ ಅದನ್ನು ಜೈಲು ಅನ್ನೋದಿಲ್ಲ. ಬೆನ್ನಿಗೆ ಪ್ಲಾಸ್ಟರ್ ಹಾಕೋಕೆ ಬರೋದಿಲ್ಲ, ಅದಕ್ಕೆ ಕೇಜ್.

ಅಳತೆ ನೋಡಿಕೊಳ್ಳಿ. ಅವಳು ಎದ್ದು ನಿಲ್ಲಬೇಕು, ಒಂದು ಸುತ್ತು ತಿರುಗಬೇಕು, ಕಾಲು ಚಾಚಿ ಮಲಗಬೇಕು. ಓಡಾಡೋಕೆ ಜಾಗ ಇರಬಾರದು. ಪಾಪ ಅಂತ ದೊಡ್ಡ ಕೇಜ್ ತಂದಿದ್ದರೆ ಮಧ್ಯೆ ರಟ್ಟಿನ ಪೆಟ್ಟಿಗೆ ಇಟ್ಟು ಕಿರಿದು ಮಾಡಿ. ಕೆಳಗೆ ಮೆತ್ತನೆಯ ಫೋಮ್ ಬೇಡ, ಕಾಲು ಹುಗಿದುಹೋಗುತ್ತದೆ. ತೆಳುವಾದ ಗಟ್ಟಿ ಹತ್ತಿ ಹಾಸಿಗೆ, ಅದರ ಮೇಲೆ ಎಳೆಮಕ್ಕಳಿಗೆ ಹಾಸುವ ರಬ್ಬರ್ ಶೀಟು, ಅದರ ಮೇಲೆ ಹಳೇ ಹತ್ತಿ ಸೀರೆ. ಸೀರೆಯನ್ನು ನಾಲ್ಕೂ ಮೂಲೆಗೆ ಬಿಗಿಯಾಗಿ ಸಿಕ್ಕಿಸಿ. ಸುಕ್ಕಾದರೆ ಅದರಲ್ಲೇ ಉಗುರು ಸಿಕ್ಕಿಕೊಂಡು ಎಳೆದಾಡುತ್ತಾಳೆ.

ಎಲ್ಲಿಡಬೇಕು ಅನ್ನೋದು ದೊಡ್ಡ ಪ್ರಶ್ನೆ. ನೀವೆಲ್ಲಾ ಕೂರುವ ಜಾಗದಲ್ಲೇ ಇರಲಿ, ಒಂಟಿ ರೂಮಿನಲ್ಲಿ ಬೇಡ. ಆದರೆ ಬಾಗಿಲಿಗೆ ಎದುರಾಗಿ ಇಡಬೇಡಿ. ನಮ್ಮ ಗುಂಡನಿಗೆ ಗ್ಯಾಸ್ ಸಿಲಿಂಡರ್ ತರುವ ಹುಡುಗ ಪೂರ್ವಜನ್ಮದ ವೈರಿ. ಗೇಟು ಸದ್ದಾದರೆ ಸಾಕು, ಕೇಜ್‌ನಲ್ಲೇ ನೆಗೆಯುತ್ತಿದ್ದ. ಕೊನೆಗೆ ಹೊಲಿಗೆ ಮೆಷಿನ್ ಪಕ್ಕಕ್ಕೆ ತಂದು, ಮೂರು ಕಡೆ ಬೆಡ್‌ಶೀಟ್ ಇಳಿಬಿಟ್ಟೆ. ಮೆಷಿನ್ ಸದ್ದಿಗೆ ನಿದ್ದೆ ಹೋಗುತ್ತಿದ್ದ.

ಅಳು ಮೂರ್ನಾಲ್ಕು ದಿನ ಇರುತ್ತದೆ. ಅತ್ತಾಗ ತೆಗೆದರೆ ಅಳೋದೇ ಕೆಲಸ ಅಂತ ಕಲಿಯುತ್ತಾಳೆ. ಸುಮ್ಮನಿದ್ದಾಗ ಹೋಗಿ ಮಾತಾಡಿಸಿ. ತೆಂಗಿನ ಗೆರಟೆಯ ಒಳಗೆ ಮೊಸರನ್ನ ಮೆತ್ತಿ ಫ್ರಿಜ್‌ನಲ್ಲಿಟ್ಟು ಕೊಡಿ, ನೆಕ್ಕಿ ನೆಕ್ಕಿ ಅರ್ಧ ಗಂಟೆ ಕಳೆಯುತ್ತದೆ. ಗೆರಟೆ ಕಡಿಯೋಕೆ ಶುರುಮಾಡಿದರೆ ತಕ್ಷಣ ತೆಗೆಯಿರಿ. ದಿನದ ಊಟದಲ್ಲೇ ಅಷ್ಟು ಎತ್ತಿಡಬೇಕು, ಮೇಲೆ ಕೊಡೋದಲ್ಲ. ಕೂತು ತಿಂದರೆ ತೂಕ ಏರುತ್ತದೆ, ತೂಕ ಏರಿದರೆ ಬೆನ್ನಿನ ಮೇಲೆ ಭಾರ. ಬೈಯಬೇಡಿ ಅಂದಿರಿ, ಬೈಯಲಿಲ್ಲ.

ಹೊರಗೆ ತೆಗೆಯೋದು ಒಂದಕ್ಕೆ, ಎರಡಕ್ಕೆ ಮಾತ್ರ. ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಪೃಷ್ಠದ ಕೆಳಗೆ, ಬೆನ್ನು ನೆಲಕ್ಕೆ ಸಮವಾಗಿರಬೇಕು. ಮಗುವನ್ನು ಎತ್ತಿದ ಹಾಗೆ ಕಂಕುಳಿಗೆ ಕೈ ಹಾಕಿ ಎತ್ತಲೇಬಾರದು. ಅಂಗಳಕ್ಕೆ ಒಯ್ದು ಇಳಿಸಿ, ಹೊಟ್ಟೆಯ ಕೆಳಗೆ ಬಟ್ಟೆಯ ಪಟ್ಟಿ ಹಾಕಿ ಹಿಂಭಾಗದ ಭಾರ ನೀವು ಹಿಡಿಯಿರಿ. ಎಳೆದು ಮೇಲೆತ್ತಬೇಡಿ, ಬೀಳದಂತೆ ತಡೆದರೆ ಸಾಕು. ಕೊರಳಪಟ್ಟಿ ಬಿಚ್ಚಿಡಿ, ಎದೆಗೆ ಹಾಕುವ ಹಾರ್ನೆಸ್ ತನ್ನಿ.

ಈ ಪಟ್ಟಿಯನ್ನು ನಾನೇ ಹೊಲಿದೆ. ಒಳಗೆ ಹಳೇ ಫ್ಲಾನೆಲ್, ಹೊರಗೆ ಚೀಲಕ್ಕೆ ಹಾಕುವ ಕ್ಯಾನ್ವಾಸ್, ಎರಡು ತುದಿಗೂ ಹಿಡಿ. ಗುಂಡ ಗಂಡು, ಪಟ್ಟಿ ಅಡ್ಡ ಬಂದರೆ ಉಚ್ಚೆಯೆಲ್ಲಾ ಬಟ್ಟೆಗೇ. ಅದಕ್ಕೆ ರವಿಕೆಗೆ ಕತ್ತು ತೆಗೆಯುವ ಅಳತೆಯಲ್ಲಿ ಮುಂದೆ ಅರ್ಧಚಂದ್ರ ತೆಗೆದೆ. ಬೆಲ್ಲಳಿಗೆ ಆ ತಾಪತ್ರಯ ಇಲ್ಲ, ಹಿಂದೊಡೆಯ ಮುಂದೆಯೇ ನೆಟ್ಟಗೆ ಹಾಕಬಹುದು.

ಇಷ್ಟೆಲ್ಲಾ ಸುಲಭ. ಕಷ್ಟ ಶುರುವಾಗೋದು ಎರಡನೆಯ ವಾರದಲ್ಲಿ. ಆಗ ನೋವು ಹೋಗಿರುತ್ತದೆ, ನಾಯಿ ಬಾಲ ಆಡಿಸುತ್ತದೆ, ಕೇಜ್ ಬಾಗಿಲು ಕೆರೆಯುತ್ತದೆ. ಮನೆಗೆ ಬಂದವರೆಲ್ಲಾ "ಹುಷಾರಾಗಿದೆಯಲ್ಲಾ, ಇನ್ಯಾಕೆ ಕೂಡಿಹಾಕಿದ್ದೀರಿ" ಅನ್ನುತ್ತಾರೆ. ಆಗಲೇ ಬಿಗಿಯಾಗಿರಬೇಕು. ಊತ ಇಳಿದಿರುತ್ತದೆ, ಕಣಕ ಇನ್ನೂ ಕೂಡಿರೋದಿಲ್ಲ. ಒಂದೇ ಒಂದು ಸಲ ದಿವಾನದಿಂದ ಹಾರಿದರೆ ಮೊದಲಿಗಿಂತ ಕೆಟ್ಟದಾಗಬಹುದು. ಅಮ್ಮನನ್ನು ಕಾವಲಿಗೆ ಹಾಕಿ. ಅಳುವವರಿಗೇ ಜವಾಬ್ದಾರಿ ಕೊಟ್ಟರೆ ಅವರಷ್ಟು ಬಿಗಿ ಬೇರೆ ಯಾರೂ ಇರೋದಿಲ್ಲ.

ಇನ್ನೊಂದು ಮಾತು. ಮನೆಯಲ್ಲಿರುವ ನಿಮ್ಮ ಸೊಂಟನೋವಿನ ಮಾತ್ರೆ, ಅಂದರೆ ಡೈಕ್ಲೋಫೆನಾಕ್, ಐಬುಪ್ರೊಫೆನ್, ಪ್ಯಾರಾಸಿಟಮಾಲ್ ಯಾವುದನ್ನೂ ಚೂರು ಮಾಡಿಯೂ ಕೊಡಬೇಡಿ.

ಆಪರೇಷನ್ ವಿಷಯ ಆಮೇಲೆ ಬರೆಯುತ್ತೇನೆ, ಗಿರಾಕಿ ಕಾಯುತ್ತಿದ್ದಾರೆ.

---

ನಿವೃತ್ತ ಪಶುವೈದ್ಯ, ಹಾಸನ:

ಮೇಡಂ ಬರೆದಿದ್ದು ಸರಿಯಾಗಿದೆ. ಯಾವಾಗ ಓಡಬೇಕು ಅನ್ನುವುದನ್ನು ನಾನು ಹೇಳುತ್ತೇನೆ.

ನಾವು ಇದನ್ನು ಐದು ಹಂತ ಮಾಡಿಕೊಂಡು ನೋಡುತ್ತೇವೆ. ಬರೀ ನೋವು, ನಡಿಗೆ ಸರಿ ಇದ್ದರೆ ಒಂದನೆಯದು. ತೂರಾಡಿದರೂ ಸ್ವಂತ ಕಾಲಲ್ಲಿ ನಡೆದರೆ ಎರಡನೆಯದು. ನೀವು ಬರೆದ ಪ್ರಕಾರ ಬೆಲ್ಲ ಇಲ್ಲಿದ್ದಾಳೆ. ಎದ್ದು ನಡೆಯಲಾಗದು, ಆದರೆ ಕಾಲು ಆಡಿಸುತ್ತದೆ ಅಂದರೆ ಮೂರು. ಕಾಲು ಆಡಿಸುವುದೂ ನಿಂತು, ಆಳದ ನೋವು (ಕಾಲ್ಬೆರಳು ಬಲವಾಗಿ ಚಿವುಟಿದಾಗ ಆಗುವ ನೋವು) ಮಾತ್ರ ತಿಳಿಯುತ್ತಿದ್ದರೆ ನಾಲ್ಕು. ಅದೂ ಹೋದರೆ ಐದು. ಒಂದು, ಎರಡಕ್ಕೆ ಕೇಜ್ ಮತ್ತು ಔಷಧಿಯಿಂದಲೇ ಹೆಚ್ಚಿನವು ಸುಧಾರಿಸುತ್ತವೆ. ಅಮೆರಿಕದ ಪಶುವೈದ್ಯ ತಜ್ಞರ ಕಾಲೇಜು 2022ರಲ್ಲಿ ಕೊಟ್ಟ ಸಲಹೆಯಲ್ಲೂ ಕನಿಷ್ಠ ನಾಲ್ಕು ವಾರ ಓಡಾಟ ಕಟ್ಟು ಅಂತಲೇ ಇದೆ. ಮೂರಕ್ಕೆ ಇಳಿದರೆ ಆಪರೇಷನ್ ಮಾತು ಎತ್ತಬೇಕು. ನಾಲ್ಕು, ಐದಕ್ಕೆ ಇಳಿದರೆ ಅದೇ ದಿನ ಹೊರಡಬೇಕು.

ಅಂಕಿ ನೋಡಿ. ಆಳದ ನೋವು ತಿಳಿಯುತ್ತಿರುವಾಗಲೇ ಆಪರೇಷನ್ ಆದರೆ ನೂರರಲ್ಲಿ ಸುಮಾರು 90 ನಾಯಿಗಳು ಮತ್ತೆ ನಡೆಯುತ್ತವೆ. ಅದು ಹೋದಮೇಲೆ ಆದರೆ 50ರಿಂದ 60. ಈ ಐದನೆಯ ಹಂತದವುಗಳಲ್ಲಿ ಹತ್ತಕ್ಕೆ ಒಂದರಷ್ಟರಲ್ಲಿ ಬೆನ್ನುಹುರಿ ಕರಗುತ್ತಾ, ಆ ಕರಗುವಿಕೆ ತಲೆಯ ಕಡೆಗೆ ಹಬ್ಬುತ್ತದೆ, ಅದಕ್ಕೆ ಚಿಕಿತ್ಸೆ ಇಲ್ಲ. ಸಾಗರದಿಂದ ಬೆಂಗಳೂರು ಹತ್ತಿರ ಅಲ್ಲ. ಹಾಗಾಗಿ ಯಾವ ಆಸ್ಪತ್ರೆ, ರಾತ್ರಿ ಯಾರು ಸಿಗುತ್ತಾರೆ, ಯಾರ ಗಾಡಿ ಅನ್ನುವುದನ್ನು ಇವತ್ತೇ ಬರೆದಿಟ್ಟುಕೊಳ್ಳಿ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಮೊದಲು ಅಲ್ಲಿ ಒಮ್ಮೆ ತೋರಿಸಿ ಬನ್ನಿ.

ಆಳದ ನೋವು ನೋಡುವುದರಲ್ಲಿ ಜನ ಮೋಸಹೋಗುತ್ತಾರೆ. ಬೆರಳು ಚಿವುಟಿದರೆ ಕಾಲು ಹಿಂದಕ್ಕೆ ಎಳೆದುಕೊಂಡಿತು, ಹಾಗಾದರೆ ಸ್ಪರ್ಶ ಇದೆ ಅಂತ ಖುಷಿಪಡುತ್ತಾರೆ. ಕಾಲು ಎಳೆದುಕೊಳ್ಳುವುದು ಬೆನ್ನುಹುರಿಯ ಕೆಳಭಾಗವೇ ಮಾಡುವ ಕೆಲಸ, ಅದಕ್ಕೆ ಮೆದುಳು ಬೇಕಿಲ್ಲ. ಚಿವುಟಿದಾಗ ನಾಯಿ ತಿರುಗಿ ನೋಡಬೇಕು, ಕಿರುಚಬೇಕು, ಕಚ್ಚಲು ಬರಬೇಕು. ಅಂದರೆ ಸುದ್ದಿ ತಲೆಗೆ ಮುಟ್ಟಬೇಕು. ಪರೀಕ್ಷೆ ಡಾಕ್ಟರೇ ಮಾಡಲಿ, ನೀವು ನಾಯಿಯ ಮುಖ ನೋಡುತ್ತಿರಿ.

ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಬೆನ್ನುಹುರಿ ಕಾಣದು. ಆಪರೇಷನ್ ಮಾಡುವವರಿಗೆ ಯಾವ ಸಂದು, ಎಡವೋ ಬಲವೋ ಖಚಿತವಾಗಿ ಗೊತ್ತಿರಬೇಕು. ಅದಕ್ಕೇ ಎಂಆರ್‌ಐ ಅಥವಾ ಸಿ.ಟಿ. ಕೇಜ್‌ನಲ್ಲೇ ಗುಣವಾಗುತ್ತಿರುವ ನಾಯಿಗೆ ಇವು ಬೇಕೇಬೇಕು ಅಂತಿಲ್ಲ.

ಸ್ಟೀರಾಯ್ಡ್ ಬಗ್ಗೆ: ಮೆಲಾಕ್ಸಿಕ್ಯಾಮ್ ನಡೆಯುತ್ತಿರುವಾಗ ಬೇರೆ ಕಡೆ ಹೋಗಿ ಪ್ರೆಡ್ನಿಸೊಲೋನ್ ಅಥವಾ ಡೆಕ್ಸಾಮೆಥಸೋನ್ ಹಾಕಿಸಿಕೊಳ್ಳಬೇಡಿ. ಎರಡೂ ಸೇರಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗಬಹುದು. ಕಕ್ಕ ಕಪ್ಪಗೆ ಟಾರಿನ ಬಣ್ಣದಲ್ಲಿ ಬಂದರೆ ಮಾತ್ರೆ ನಿಲ್ಲಿಸಿ ಫೋನ್ ಮಾಡಿ. ಡೈಕ್ಲೋಫೆನಾಕ್ ಅಂತೂ ನಾಯಿಗಳ ಹೊಟ್ಟೆ, ಮೂತ್ರಪಿಂಡ ಎರಡಕ್ಕೂ ಕೆಟ್ಟದ್ದು. ದನಗಳಿಗೂ ಅದು 2006ರಿಂದ ನಿಷೇಧ, ಆ ಔಷಧಿ ಪಡೆದು ಸತ್ತ ದನ ತಿಂದ ರಣಹದ್ದುಗಳು ಗುಂಪುಗುಂಪಾಗಿ ಸತ್ತಿದ್ದರಿಂದ. ರಾಮನಗರದ ರಾಮದೇವರ ಬೆಟ್ಟದಲ್ಲಿ ಹದ್ದುಗಳಿಗಾಗಿ ಧಾಮ ಮಾಡಬೇಕಾಗಿ ಬಂತು ನೋಡಿ. ವಿಷಯಾಂತರ ಆಯಿತು, ಕ್ಷಮಿಸಿ.

---

ಮಂಡ್ಯದ ಕೆಂಪ:

ಎಲ್ಲಾ ಓದಿದೆ. ಆದರೆ ನಮ್ಮ ಅನುಭವ ಬೇರೆ. ನಮ್ಮದು ನಾಟಿ ನಾಯಿ, ಸುಮಾರು ಇಪ್ಪತ್ತೈದು ಕೆಜಿ. ಗದ್ದೆ ಬಯಲಲ್ಲಿ ಓಡುತ್ತಾ ಓಡುತ್ತಾ ಒಂದು ಸಲ ಕೂಗಿ ಬಿದ್ದುಬಿಟ್ಟ. ಎಡ ಹಿಂಗಾಲು ಪೂರ್ತಿ ಹೋಯಿತು. ನಾವು ಯಾವ ಕೇಜೂ ಇಡಲಿಲ್ಲ. ನಮ್ಮಪ್ಪ ಹರಳೆಣ್ಣೆ ಬಿಸಿ ಮಾಡಿ ತಿಕ್ಕಿದರು. ಎರಡು ಮೂರು ವಾರದಲ್ಲಿ ಎದ್ದು ಓಡಾಡಿದ. ಎಲ್ಲದಕ್ಕೂ ಎಂಆರ್‌ಐ, ಲಕ್ಷ ಅಂತ ಹೆದರಿಸಬೇಡಿ ಅಲ್ವಾ?

---

ಗುಂಡನ ಟೈಲರಮ್ಮ, ಮೈಸೂರು:

ಕೆಂಪನವರೇ, ಒಂದು ಪ್ರಶ್ನೆ. ಬಿದ್ದ ಮರುದಿನ ಬೆನ್ನು ಮುಟ್ಟಿದರೆ ನೋವು ಅಂತ ಕೂಗುತ್ತಿದ್ದನಾ? ತಿಕ್ಕುವುದಕ್ಕೆ ಬಿಟ್ಟ ಅಂದರೆ ನೋವಿರಲಿಲ್ಲ ಅನಿಸುತ್ತದೆ. ಗುಂಡ ನೋವಿದ್ದಾಗ ನನ್ನನ್ನೇ ಕಚ್ಚಲು ಬಂದವನು, ಎಣ್ಣೆ ಬಟ್ಟಲು ತಂದಿದ್ದರೆ ಕೈಬೆರಳು ಉಳಿಯುತ್ತಿರಲಿಲ್ಲ.

---

ಮಂಡ್ಯದ ಕೆಂಪ:

ಇಲ್ಲ, ನೋವಿರಲಿಲ್ಲ. ಬಾಲ ಆಡಿಸಿಕೊಂಡು ಮಲಗಿರುತ್ತಿದ್ದ. ಕಾಲು ಮಾತ್ರ ಬರುತ್ತಿರಲಿಲ್ಲ.

---

ನಿವೃತ್ತ ಪಶುವೈದ್ಯ, ಹಾಸನ:

ಹಾಗಾದರೆ ಅದು ಬೇರೆ ಕಾಯಿಲೆ ಇದ್ದಿರಬಹುದು. ಡಿಸ್ಕಿನ ಸಣ್ಣ ಚೂರು ಬೆನ್ನುಹುರಿಯ ರಕ್ತನಾಳದಲ್ಲಿ ಸಿಕ್ಕಿಕೊಂಡು, ಆ ಭಾಗಕ್ಕೆ ರಕ್ತ ನಿಂತುಹೋಗುತ್ತದೆ. ದೊಡ್ಡ ನಾಯಿಗಳಲ್ಲಿ, ಓಡುವಾಗ, ಹೆಚ್ಚಾಗಿ ಒಂದೇ ಕಡೆ. ಮೊದಲ ಒಂದು ಕೂಗು ಬಿಟ್ಟರೆ ನೋವಿರುವುದಿಲ್ಲ, ದಿನ ಕಳೆದಂತೆ ಜಾಸ್ತಿಯೂ ಆಗುವುದಿಲ್ಲ. ಆಪರೇಷನ್ ಬೇಡ, ಎಷ್ಟೋ ನಾಯಿಗಳು ತಾವೇ ಸುಧಾರಿಸುತ್ತವೆ. ಎಣ್ಣೆ ಹಾಕಿದ್ದರೂ, ಹಾಕದಿದ್ದರೂ ಏಳುತ್ತಿದ್ದನೇನೋ.

ಹಿಂಗಾಲು ಸೋತ ನಾಯಿಗಳೆಲ್ಲಾ ಒಂದೇ ಅಲ್ಲ. ನಮ್ಮ ಕಡೆ ಉಣ್ಣಿ ಹುಳ ಕಚ್ಚಿ ಬರುವ ಜ್ವರದಲ್ಲೂ ಹಿಂಗಾಲು ಸೋಲುತ್ತದೆ. ಅದಕ್ಕೇ ಡಾಕ್ಟರು ರಕ್ತಪರೀಕ್ಷೆ ಮಾಡಿಸುವುದು, ದುಡ್ಡು ಕೀಳಲು ಅಲ್ಲ. ವಯಸ್ಸಾದ ಜರ್ಮನ್ ಶೆಫರ್ಡ್‌ಗಳಲ್ಲಿ ನೋವೇ ಇಲ್ಲದೆ ತಿಂಗಳುಗಟ್ಟಲೆ ನಿಧಾನವಾಗಿ ಸೊಂಟ ಬೀಳುವುದು ಮತ್ತೊಂದು. ಆದರೆ ಆರು ವರ್ಷದ ಡ್ಯಾಶ್‌ಹೌಂಡ್, ಬೆನ್ನುನೋವು, ಮರುದಿನ ತೂರಾಟ ಅಂದರೆ ಮೊದಲ ಅನುಮಾನ ಡಿಸ್ಕಿನ ಮೇಲೇ. ನಾಲ್ಕೈದು ಡ್ಯಾಶ್‌ಹೌಂಡ್‌ಗಳಲ್ಲಿ ಒಂದಕ್ಕೆ ಜೀವಮಾನದಲ್ಲಿ ಒಮ್ಮೆಯಾದರೂ ಇದು ಬರುತ್ತದೆ. ಕಾಲು ಗಿಡ್ಡ ಮಾಡುವ ವಂಶವಾಹಿಯೇ ಡಿಸ್ಕನ್ನೂ ಬೇಗ ಒಣಗಿಸುತ್ತದೆ ಅಂತ 2017ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು ತೋರಿಸಿದರು. ನಾವು ಮುದ್ದು ಅಂತ ಮೆಚ್ಚುವ ಆಕಾರಕ್ಕೆ ನಾಯಿ ತೆರುವ ಬೆಲೆ ಅದು.

---

ಗುಂಡನ ಟೈಲರಮ್ಮ, ಮೈಸೂರು:

ಈಗ ಆಪರೇಷನ್ ಕಥೆ. ಎರಡನೆಯ ಸಲ ಗುಂಡ ಎಲ್ಲಿಂದಲೂ ಹಾರಲಿಲ್ಲ. ಸಂಜೆ ಸರಿಯಾಗಿದ್ದ, ರಾತ್ರಿ ನೀರು ಕುಡಿಯಲು ಎದ್ದವನು ಮುಂಗಾಲಲ್ಲಿ ತೆವಳಿಕೊಂಡು ಬಂದ. ಹಿಂಗಾಲು ಎರಡೂ ಹಿಂದೆ ಎಳೆದುಕೊಂಡು ಬರುತ್ತಿದ್ದವು. ನಮ್ಮ ಡಾಕ್ಟರು ಆ ಹೊತ್ತಲ್ಲೂ ಬಂದು ಚಿಮಟದಲ್ಲಿ ಬೆರಳು ಹಿಡಿದರು. ಗುಂಡ ತಿರುಗಿ ಅವರ ತೋಳಿಗೆ ಬಾಯಿ ಹಾಕಿದ. ಡಾಕ್ಟರು ನಕ್ಕರು. "ಶಹಬ್ಬಾಸ್, ಇನ್ನೂ ಸಮಯ ಇದೆ, ಹೊರಡಿ" ಅಂದರು. ಕಚ್ಚಿಸಿಕೊಂಡು ನಗುವ ಡಾಕ್ಟರನ್ನು ಮೊದಲ ಸಲ ನೋಡಿದ್ದು.

ಕಾರಿನ ಹಿಂದಿನ ಸೀಟಿನ ಮೇಲೆ ಪ್ಲೈವುಡ್ ಹಲಗೆ ಹಾಕಿ, ಅದರ ಮೇಲೆ ಕೇಜ್ ಇಟ್ಟು, ಸುತ್ತ ದಿಂಬು ತುರುಕಿ ಬೆಳಗಾಗುವ ಮುಂಚೆ ಬೆಂಗಳೂರು ಸೇರಿದೆವು. ಹೊಟ್ಟೆ ಖಾಲಿ ಇರಲಿ, ಅರಿವಳಿಕೆ ಕೊಡಬೇಕಾಗುತ್ತೆ ಅಂತ ಫೋನಿನಲ್ಲೇ ಹೇಳಿದ್ದರು. ಮೊದಲು ಹೋದ ಒಂದು ಕಡೆ, ಸೋಮವಾರ ಬನ್ನಿ ಅಂದರು. ಅಲ್ಲಿ ಕೂರಲಿಲ್ಲ, ಬೇರೆ ಕಡೆ ಹೋದೆವು. ಎಂಆರ್‌ಐ ಆಯಿತು, ಅದೇ ದಿನ ಆಪರೇಷನ್ನೂ ಆಯಿತು. ಬೆನ್ನುಮೂಳೆಯ ಒಂದು ಪಕ್ಕದಲ್ಲಿ ಕಿಟಕಿ ಕೊರೆದು, ಸಿಡಿದ ಹೂರಣ ತೆಗೆಯುತ್ತಾರೆ. ಸಣ್ಣ ಡಬ್ಬಿಯಲ್ಲಿ ಹಾಕಿ ತೋರಿಸಿದರು. ಒಡೆದ ಸೀಮೆಸುಣ್ಣದ ಪುಡಿ, ಒಂದು ಚಿಟಿಕೆ. ಅಷ್ಟಕ್ಕೆ ನಾಯಿ ಮಲಗಿಬಿಟ್ಟಿತ್ತು. ಎಲ್ಲಾ ಸೇರಿ ಲಕ್ಷದ ಹತ್ತಿರ ಆಯಿತು. ಹೆದರಿಸೋಕೆ ಹೇಳಿದ್ದಲ್ಲ, ಗೊತ್ತಿದ್ದರೆ ಮನೆಯವರ ಜೊತೆ ಮುಂಚೆಯೇ ಕೂತು ಮಾತಾಡಬಹುದು. ದುಡ್ಡಿಲ್ಲದವರು ಕೇಜ್‌ನಲ್ಲೇ ಇಟ್ಟು ಆರೈಕೆ ಮಾಡಿದರೆ ಅದು ನಾಯಿಗೆ ಮಾಡಿದ ದ್ರೋಹ ಅಲ್ಲ. ಮೂರು, ನಾಲ್ಕನೆಯ ಹಂತದಲ್ಲೂ ಹಾಗೇ ಎದ್ದ ನಾಯಿಗಳಿವೆ. ತಡ ಆಗುತ್ತದೆ, ಖಾತ್ರಿ ಕಡಿಮೆ.

ಯಾರೂ ಮೊದಲೇ ಹೇಳದ ವಿಷಯ ಉಚ್ಚೆಯದ್ದು. ಆಪರೇಷನ್ ಆಗಿ ಮನೆಗೆ ಬಂದಮೇಲೂ ಗುಂಡನಿಗೆ ತಾನಾಗಿ ಹೊಯ್ಯಲು ಬರಲಿಲ್ಲ. ಹಾಸಿಗೆ ಒದ್ದೆಯಾಗಿತ್ತು, ನಮ್ಮೆಜಮಾನರು "ಹೊಯ್ದನಲ್ಲಾ" ಅಂದರು. ಹೊಯ್ದದ್ದಲ್ಲ, ತುಂಬಿ ತುಳುಕಿದ್ದು. ಚೀಲ ತುಂಬಿಯೇ ಇದ್ದರೆ ಅದರ ಸ್ನಾಯು ಸೋಲುತ್ತದೆ, ಸೋಂಕಾಗುತ್ತದೆ. ಕೈಯಿಂದ ಒತ್ತಿ ತೆಗೆಯಬೇಕು. ಆಸ್ಪತ್ರೆಯ ನರ್ಸ್ ನನ್ನ ಕೈಮೇಲೆ ತಮ್ಮ ಕೈಯಿಟ್ಟು ಕಲಿಸಿದರು. ಹಿಂದೊಡೆಯ ಸ್ವಲ್ಪ ಮುಂದೆ, ಹೊಟ್ಟೆಯ ಎರಡು ಪಕ್ಕಕ್ಕೂ ಬೆರಳುಗಳನ್ನು ಚಪ್ಪಟೆಯಾಗಿ ಇಡಬೇಕು. ಬೆರಳ ತುದಿಯಿಂದ ಚುಚ್ಚಬಾರದು. ಒಳಗೆ ದುಂಡಗೆ, ಬಿಗಿಯಾಗಿ ಸಿಗುತ್ತದೆ. ಅದನ್ನು ಎರಡು ಕೈಯ ನಡುವೆ ಹಿಡಿದು ಬಾಲದ ಕಡೆಗೆ ನಿಧಾನವಾಗಿ ಒತ್ತುತ್ತಾ ಕಾಯಬೇಕು. ಮೊದಲು ಹನಿ, ಆಮೇಲೆ ಧಾರೆ. ಧಾರೆ ಬಂದಮೇಲೆ ಒತ್ತಡ ಬಿಡಬಾರದು, ಕೈಗೆ ಖಾಲಿ ಅನ್ನಿಸುವವರೆಗೂ ಹಿಡಿದಿರಬೇಕು. ದಿನಕ್ಕೆ ಮೂರು ನಾಲ್ಕು ಸಲ. ಜೋರಾಗಿ ಒತ್ತಿದರೆ ಅಪಾಯ, ಹಾಗಾಗಿ ಓದಿಕೊಂಡು ಮಾಡಬೇಡಿ, ಡಾಕ್ಟರ ಹತ್ತಿರ ಕೈಹಿಡಿದು ಕಲಿಯಿರಿ. ಉಚ್ಚೆ ಕಲಕಲಾಗಿದ್ದರೆ, ವಾಸನೆ ಬದಲಾದರೆ ಪರೀಕ್ಷೆಗೆ ಕೊಡಿ. ತೊಡೆಯ ಸಂದಿ ಬೆಚ್ಚಗಿನ ನೀರಲ್ಲಿ ಒರೆಸಿ ಒಣಗಿಸಿ, ಇಲ್ಲದಿದ್ದರೆ ಚರ್ಮ ಸುಟ್ಟ ಹಾಗೆ ಕೆಂಪಾಗುತ್ತದೆ. ಮಲಗಿದ ಮಗ್ಗುಲು ನಾಲ್ಕೈದು ಗಂಟೆಗೊಮ್ಮೆ ಬದಲಿಸಿ.

ಬೆಲ್ಲಳಿಗೆ ಇದೆಲ್ಲಾ ಬರದೇ ಇರಲಿ. ಆದರೆ ಇವತ್ತಿನಿಂದ ಒಂದು ಕೆಲಸ ಮಾಡಿ. ಹೊರಗೆ ಒಯ್ದಾಗ ಧಾರೆ ಬಂತಾ, ಬರೀ ಹನಿಯಾ ನೋಡಿ ಕ್ಯಾಲೆಂಡರ್‌ನಲ್ಲಿ ಬರೆಯಿರಿ. ಧಾರೆ ನಿಂತರೆ ಅದೂ ಓಡಬೇಕಾದ ಸೂಚನೆಯೇ.

ಹೊಲಿಗೆ ಬಿಚ್ಚಿದ ಮೇಲೆ ವ್ಯಾಯಾಮ. ಅವನನ್ನು ಮಗ್ಗುಲಾಗಿ ಮಲಗಿಸಿ ಹಿಂಗಾಲನ್ನು ಸೈಕಲ್ ತುಳಿಸುವ ಹಾಗೆ ಆಡಿಸುತ್ತಿದ್ದೆ. ಬೆರಳ ಸಂದಿಗೆ ಬ್ರಷ್ ಸವರುತ್ತಿದ್ದೆ. ಆಮೇಲೆ ನಿಲ್ಲಿಸೋದು, ಕೂರಿಸೋದು, ಮತ್ತೆ ನಿಲ್ಲಿಸೋದು. ಹೆಜ್ಜೆ ಬಂದಮೇಲೆ ಅಂಗಳದಲ್ಲಿ ಪೊರಕೆ ಕಡ್ಡಿ ಸಾಲಾಗಿ ಇಟ್ಟು ದಾಟಿಸಿದೆ. ಕಾಲು ಎತ್ತದೆ ಎಳೆದರೆ ಕಡ್ಡಿ ಜರುಗುತ್ತದೆ, ಯಾವ ಕಾಲು ಸೋಮಾರಿ ಅಂತ ತಕ್ಷಣ ಗೊತ್ತಾಗುತ್ತದೆ. ಎಡಗಾಲು, ಇವತ್ತಿಗೂ.

---

ಸಾಗರದ ಬೆಲ್ಲ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಉಳುಕು ತೆಗೆಯುವವರಿಗೆ ಬರಬೇಡಿ ಅಂತ ಹೇಳಿಯಾಯಿತು. ಪಕ್ಕದ ಮನೆಯವರು ಮುಖ ಊದಿಸಿಕೊಂಡಿದ್ದಾರೆ.

ಬೆಲ್ಲಳನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿದ್ದೆವು, ಹಲಗೆ, ಕೇಜ್, ದಿಂಬು ಎಲ್ಲಾ ಹಾಕಿ. ಎರಡನೆಯ ಹಂತವೇ, ಜಾಸ್ತಿ ಆಗಿಲ್ಲ, ಕೇಜ್ ಮುಂದುವರಿಸಿ ಅಂದರು. ಪಾದ ಮಡಚಿ ಇಟ್ಟರೆ ತಿರುಗಿಸಿಕೊಳ್ಳುತ್ತಾಳಾ ಅಂತ ಪರೀಕ್ಷೆ ಮಾಡಿದರು. ಎಡಗಾಲು ತಕ್ಷಣ ತಿರುಗಿಸಿಕೊಂಡಳು, ಬಲಗಾಲು ಸ್ವಲ್ಪ ತಡ. ಧಾರೆ ಚೆನ್ನಾಗಿ ಬರುತ್ತಿದೆ, ಅಮ್ಮ ಕ್ಯಾಲೆಂಡರ್‌ನಲ್ಲಿ ಏಕಾದಶಿಯ ಪಕ್ಕದಲ್ಲೇ ಟಿಕ್ ಹಾಕುತ್ತಿದ್ದಾರೆ. ಟೈಲರಮ್ಮನವರು ಹೇಳಿದ್ದು ನಿಜ. ಈಗ ನಾನು ಕೇಜ್ ಬಾಗಿಲು ಮುಟ್ಟಿದರೂ ಅಮ್ಮ ಗದರುತ್ತಾರೆ.

ಒಂದೇ ಚಿಂತೆ. ಕೇಜ್ ಅವಧಿ ಮುಗಿಯುವ ಮುಂಚೆಯೇ ದೀಪಾವಳಿ ಬರುತ್ತದೆ. ಪಟಾಕಿ ಅಂದರೆ ಬೆಲ್ಲಳಿಗೆ ಪ್ರಾಣ ಹೋದಷ್ಟು ಭಯ. ಹೋದ ವರ್ಷ ಅಟ್ಟದ ಮೆಟ್ಟಿಲ ಕೆಳಗೆ ಹೊಕ್ಕಿದ್ದಳು. ಕೇಜ್‌ನಲ್ಲಿ ಹಾಗೆ ಒದ್ದಾಡಿದರೆ?

---

ನಿವೃತ್ತ ಪಶುವೈದ್ಯ, ಹಾಸನ:

ಒಳ್ಳೆಯ ಪ್ರಶ್ನೆ. ಹಬ್ಬದ ದಿನ ಕೇಳಿದರೆ ಪ್ರಯೋಜನ ಇರಲಿಲ್ಲ. ಭಯ ತಗ್ಗಿಸುವ ಮಾತ್ರೆಗಳಿವೆ, ಸದ್ದು ಶುರುವಾಗುವ ಮುಂಚೆಯೇ ಹೊಟ್ಟೆಗೆ ಹೋಗಿರಬೇಕು. ಅವಳು ಈಗಾಗಲೇ ತೆಗೆದುಕೊಳ್ಳುತ್ತಿರುವ ಗ್ಯಾಬಪೆಂಟಿನ್ ಜೊತೆ ಯಾವುದು, ಎಷ್ಟು ಅನ್ನುವುದನ್ನು ನಿಮ್ಮ ಡಾಕ್ಟರೇ ಬರೆಯಬೇಕು. ಹಬ್ಬಕ್ಕೆ ಒಂದು ವಾರ ಮುಂಚೆ ಹೋಗಿ ಕೇಳಿ, ಒಂದು ಸಾಮಾನ್ಯ ದಿನ ಕೊಟ್ಟು ಹೇಗಿರುತ್ತಾಳೆ ನೋಡಿ. ಕೇಜನ್ನು ಮನೆಯ ನಡುವಿನ, ಕಿಟಕಿ ಕಡಿಮೆ ಇರುವ ಕೋಣೆಗೆ ಸಾಗಿಸಿ. ಅದೂ ನಾಲ್ಕು ದಿನ ಮೊದಲೇ, ಜಾಗ ರೂಢಿಯಾಗಲಿ. ಮೇಲೆ ದಪ್ಪ ಕಂಬಳಿ, ಗಾಳಿಗೆ ಒಂದು ಕಡೆ ತೆರೆದಿರಲಿ. ಸಂಜೆ ಕತ್ತಲಾಗುವ ಮುಂಚೆ ಹೊರಗಿನ ಕೆಲಸ ಮುಗಿಸಿಬಿಡಿ.

---

ಗುಂಡನ ಟೈಲರಮ್ಮ, ಮೈಸೂರು:

ಮತ್ತೆ ಅವಳ ಪಕ್ಕ ಒಬ್ಬರು ಕೂತಿರಿ. ನಮ್ಮಲ್ಲಿ ದಸರಾ ಪಂಜಿನ ಕವಾಯತಿನ ದಿನ ಬಾಣಬಿರುಸು ಹಾರಿಸುವಾಗ ನಾನು ಬೇಕಂತಲೇ ಮೆಷಿನ್ ಹಾಕಿಕೊಂಡು ಕೂರುತ್ತೇನೆ. ನಿಮ್ಮಲ್ಲಿ ಮಿಕ್ಸಿ, ಟಿವಿ ಏನಾದರೂ ನಡೆಯಲಿ.

ನಾಲ್ಕು ವಾರ ಮುಗಿದ ತಕ್ಷಣ ಬಾಗಿಲು ತೆಗೆದುಬಿಡಬೇಡಿ. ಡಾಕ್ಟರು ಸರಿ ಅಂದಮೇಲೆ ಹಾರ್ನೆಸ್ ಹಾಕಿ ಐದು ನಿಮಿಷ ನಡೆಸೋದು, ವಾರ ವಾರ ಸ್ವಲ್ಪ ಸ್ವಲ್ಪ ಜಾಸ್ತಿ. ಅಷ್ಟರಲ್ಲಿ ಮನೆ ತಯಾರು ಮಾಡಿ. ಟೈಲ್ಸ್ ನೆಲ ಆದರೆ ಅವಳು ಓಡಾಡುವ ದಾರಿಯುದ್ದಕ್ಕೂ ರಬ್ಬರ್ ಮ್ಯಾಟ್ ಹಾಸಿ, ಪಾದದ ಅಡಿಯ ಕೂದಲು ಕತ್ತರಿಸಿ. ಜಗಲಿಯ ಮೆಟ್ಟಿಲಿಗೆ ಹಲಗೆ ಇಟ್ಟು ಇಳಿಜಾರು ಮಾಡಿ, ಮೇಲೆ ಗೋಣಿತಾಟು ಹೊಡೆಯಿರಿ. ದಿವಾನ, ಹಾಸಿಗೆ, ಬೈಕಿನ ಟ್ಯಾಂಕು, ಎಲ್ಲಾ ಇನ್ನು ಬಂದ್. ತೂಕ ಒಂಬತ್ತಕ್ಕೆ ಇಳಿಸಿ. ನೋಡಿ, ಕೊನೆಗೂ ಬೈದೆ.

ಹೊಟ್ಟೆಯ ಸುತ್ತಳತೆ, ಹಿಂದೊಡೆಯ ಮುಂದೆ, ಇಂಚಲ್ಲಿ ಬರೆದು ಕಳಿಸಿ. ನೆಲದಿಂದ ನಿಮ್ಮ ಕೈ ಎಷ್ಟು ಎತ್ತರ ಅನ್ನೋದೂ ಬೇಕು, ಇಲ್ಲದಿದ್ದರೆ ಹಿಡಿ ಗಿಡ್ಡವಾಗಿ ಬಗ್ಗಿ ಬಗ್ಗಿ ನಿಮ್ಮ ಬೆನ್ನೂ ಹೋಗುತ್ತದೆ. ಪಟ್ಟಿ ಹೊಲಿದು ಪೋಸ್ಟ್ ಮಾಡುತ್ತೇನೆ. ದುಡ್ಡು ಬೇಡ. ಬಣ್ಣ ಮಾತ್ರ ಕೇಳಬೇಡಿ, ಅಂಗಡಿಯಲ್ಲಿ ಯಾವ ತುಂಡು ಉಳಿದಿದೆಯೋ ಅದು.